ಮೂರನೆಯ ಭಾಗದ ಪಾಳಿ

೧೯೭೮ನೆಯ ಇಸವಿ ಜನವರಿ ೨೨, ಭಾನುವಾರ. ಪಿಂಗಳ ಸಂವತ್ಸರದ ಪುಷ್ಯ ಶುದ್ಧ ತ್ರಯೋದಶಿ. ದಿನಾಂಕಕ್ಕೆ ಆಧಾರ ನನ್ನ ಆ ವರ್ಷದ ಕಿಸೆ ದಿನಚರಿ. ತಿಥಿಗೆ ಹಳೆಯ ಪಂಚಾಂಗ. ದಿನಚರಿಯ ನಮೂದು ಒಂದೂವರೆ ಸಾಲಿನದು: "ದೇವಣಗಾಂವ. ಪುಸ್ತಕ ವಾಟ್ನಿ ಆಯಿತು. ನನಗೆ ಭಾಗ ಎರಡು." ವಾಟ್ನಿಯೆಂದರೆ ಪಾಲು ಹಂಚಿಕೆ.

ದಿನಾಂಕವನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣವಿದೆ. ನಾಲ್ಕೂವರೆ ದಶಕಗಳಿಂದ ಈ ಸಂಗತಿಯನ್ನು ನಾನು ಎಳ್ಳಮಾವಾಸ್ಯೆಯ ದಿನ ನಡೆದದ್ದೆಂದೇ ಹೇಳುತ್ತ ಬಂದಿದ್ದೇನೆ. ಹೊಲದಲ್ಲಿ ಹಾಸಿದ ಜಮಖಾನೆ, ಸಜ್ಜೆಯ ರೊಟ್ಟಿ, ಪುಂಡಿಪಲ್ಲೆ, ತೆನೆ ತುಂಬಿ ನಿಂತ ಬಿಳಿಜೋಳ ಎಲ್ಲವೂ ಕಣ್ಣಿಗೆ ಕಟ್ಟಿದಂತಿವೆ. ಆದರೆ ಆ ವರ್ಷದ ಎಳ್ಳಮಾವಾಸ್ಯೆ ಜನವರಿಯ ಎರಡನೆಯ ವಾರದಲ್ಲೇ ಮುಗಿದುಹೋಗಿತ್ತು. ಎರಡು ಬೇರೆ ಬೇರೆ ಭೇಟಿಗಳನ್ನು ನನ್ನ ನೆನಪು ಒಂದಾಗಿ ಹೊಲಿದುಬಿಟ್ಟಿದೆ. ಶಾಸನಗಳ ಕಾಲನಿರ್ಣಯದಲ್ಲಿ ಮೂವತ್ತು ವರ್ಷ ಕಳೆದವನು ತನ್ನದೇ ಹದಿನೆಂಟನೆಯ ವಯಸ್ಸಿನ ಒಂದು ಭಾನುವಾರವನ್ನು ನೆಟ್ಟಗೆ ಇಟ್ಟುಕೊಳ್ಳಲಾರದೆ ಹೋದನಲ್ಲ ಎಂದು ನನಗೇ ಬೇಸರವಾಯಿತು. ಆದ್ದರಿಂದ ಮುಂದಿನದನ್ನು ಸಾಧ್ಯವಾದಷ್ಟು ತಾಳೆ ನೋಡಿಯೇ ಬರೆಯುತ್ತಿದ್ದೇನೆ. ತಾಳೆ ನೋಡಬೇಕಾದ ಮುಖ್ಯ ದಾಖಲೆಯೊಂದು, ಅಂದರೆ ಆ ಪುಸ್ತಕದ ಮೂರನೆಯ ಭಾಗ, ಇದನ್ನು ಬರೆಯಲು ಕುಳಿತ ಹೊತ್ತಿಗೆ ಇನ್ನೂ ನನ್ನ ಕೈ ಸೇರಿಲ್ಲ.

ಪುಸ್ತಕವೆಂದರೆ ಪಿಯುಸಿ ಎರಡನೆಯ ವರ್ಷದ ಜೀವಶಾಸ್ತ್ರ. ಇಂಗ್ಲಿಷಿನದು, ರಟ್ಟಿನ ಹೊದಿಕೆಯದು, ಒಂದು ಕೈಯಲ್ಲಿ ಎತ್ತಲಾಗದಷ್ಟು ದಪ್ಪ. ನಮ್ಮ ತಾಯಿಯ ಕಡೆಯ ಕುಟುಂಬದಲ್ಲಿ ಆ ವರ್ಷ ಅದೇ ಪರೀಕ್ಷೆಗೆ ಕೂರಬೇಕಾದವರು ನಾಲ್ವರಿದ್ದೆವು. ದೊಡ್ಡವ್ವನ ಮಗ ಇಂಡಿಯಲ್ಲಿದ್ದ. ನಾನು ಸಿಂದಗಿಯಲ್ಲಿ. ಅಮ್ಮನ ತಂಗಿ ಚಿಗವ್ವನ ಮಗಳು ಬಸವನ ಬಾಗೇವಾಡಿಯಲ್ಲಿ. ನಾಲ್ಕನೆಯವನು ನಮ್ಮ ಸೋದರಮಾವ, ಆಯಿಯ, ಅಂದರೆ ನಮ್ಮ ಅಜ್ಜಿಯ, ಕೊನೆಯ ಮಗ. ಅವನು ಮುದ್ದೇಬಿಹಾಳದ ದನದ ದವಾಖಾನೆಯಲ್ಲಿ ಅಟೆಂಡರ್ ಆಗಿದ್ದ.

ಮಾಮಾನಿಗೂ ನಮಗೂ ಎಂಟೊಂಬತ್ತು ವರ್ಷಗಳ ಅಂತರ. ಪಿಯುಸಿಯ ಉಳಿದೆಲ್ಲ ವಿಷಯಗಳನ್ನು ಅವನು ಎಂದೋ ಮುಗಿಸಿದ್ದ. ಜೀವಶಾಸ್ತ್ರವೊಂದೇ ಎರಡು ಸಲ ಕೈಕೊಟ್ಟಿತ್ತು. ಅದು ಪಾಸಾದರೆ ಜಾನುವಾರು ಇನ್‌ಸ್ಪೆಕ್ಟರ್ ತರಬೇತಿಗೆ ಅರ್ಜಿ ಹಾಕಬಹುದಿತ್ತು. ವಯಸ್ಸಿನ ಮಿತಿಯ ಪ್ರಕಾರ ಅದು ಅವನಿಗೆ ಕೊನೆಯ ವರ್ಷ. ನಮಗೆ ಮೂವರಿಗೆ ನಪಾಸಾದರೆ ಮತ್ತೊಂದು ಪರೀಕ್ಷೆಯಿತ್ತು. ಅವನಿಗೆ ಇರಲಿಲ್ಲ. ಇದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಇನ್ನೊಂದು ವಿಷಯವನ್ನೂ ಇಲ್ಲಿಯೇ ಹೇಳಬೇಕು. ಪುಸ್ತಕ ಮಾಮಾನದೇ. ಸೊಲ್ಲಾಪುರದ ಹಳೆಯ ಪುಸ್ತಕದ ಅಂಗಡಿಯಲ್ಲಿ ಹುಡುಕಿ, ಹೆಗಲ ಮೇಲೆ ಹೊತ್ತು ತಂದವನು ಅವನು. ಆ ಭಾನುವಾರ ಅದನ್ನು ದೇವಣಗಾಂವದ ಆಯಿಯ ಮನೆಯ ಪಡಸಾಲೆಯಲ್ಲಿ ಬಿಚ್ಚಿ ತೋರಿಸಿದ್ದೇ ಅವನು ಮಾಡಿದ ತಪ್ಪು. ನಾವು ಮೂವರೂ ಅದರ ಮೇಲೆ ಮುಗಿಬಿದ್ದೆವು. ಇಂಡಿಯವನು ಒಂದು ಕಡೆ ಹಿಡಿದ, ನಾನು ಇನ್ನೊಂದು ಕಡೆ. ಬಾಗೇವಾಡಿಯ ತಂಗಿ ಮಾತ್ರ ನಡುವೆ ಕುತ್ತಿಗೆ ತೂರಿಸಿ ಓದತೊಡಗಿದಳು.

ಆಯಿ ಒಳಗಿನಿಂದ ಬಂದು ಕಂಬಕ್ಕೆ ಒರಗಿ ಕುಳಿತಳು.

"ಏನದು, ನಾಯಿ ರೊಟ್ಟಿಗೆ ಬಿದ್ದಂಗ?"

"ಪುಸ್ತಕ ಒಂದ ಐತಿ ಆಯಿ, ಓದಾವ್ರು ನಾಕ ಮಂದಿ," ಎಂದ ಇಂಡಿಯವನು.

"ಅಷ್ಟನ? ನಿಮ್ಮ ಮುತ್ಯಾ ಸತ್ತಾಗ ಹೊಲಾ ವಾಟ್ನಿ ಮಾಡೇವಿ. ಬಾವಿ ನೀರಿಗೆ ಪಾಳಿ ಹಚ್ಚೇವಿ. ಇದೇನ್ ಅದಕ್ಕಿಂತ ದೊಡ್ಡದ? ನಾಕ ಪಾಲ ಮಾಡ್ರಿ. ಹದಿನೈದ ದಿನಕ್ಕೊಮ್ಮಿ ಪಾಳಿ ತಿರಗ್ಲಿ."

ಮಾಮಾ ನಕ್ಕ. "ಮಾಡ್ರಿ ಮಾಡ್ರಿ. ನಾ ಒಬ್ಬನ ಇಟಗೊಂಡು ಎರಡ ಸಲ ಫೇಲ್ ಆದವ. ನಾಕ ಮಂದಿ ಓದಿದ್ರರೆ ಅದಕ್ಕ ಬುದ್ಧಿ ಬರತೈತಿ."

ವಾಟ್ನಿಯ ಕೆಲಸ ನಮ್ಮ ಅಪ್ಪನ ಪಾಲಿಗೆ ಬಂತು. ಅಪ್ಪ ಸಿಂದಗಿಯ ಜೋಳದ ಪೇಟೆಯಲ್ಲಿ ತೂಕ ಮಾಡುತ್ತಿದ್ದವರು. ಅವರ ಕೈಯ ತೂಕವೆಂದರೆ ಕೊಳ್ಳುವವನೂ ಮಾರುವವನೂ ತಲೆಯಾಡಿಸುತ್ತಿದ್ದರು. ಈ ಖ್ಯಾತಿ ನಮ್ಮ ಜೀವಶಾಸ್ತ್ರಕ್ಕೆ ಏನು ಮಾಡಿತೆಂಬುದನ್ನು ನೆನೆದರೆ ಇವತ್ತಿಗೂ ನನಗೆ ಹಣೆ ಚಚ್ಚಿಕೊಳ್ಳಬೇಕೆನಿಸುತ್ತದೆ. ಅವರು ಪುಸ್ತಕದ ಪರಿವಿಡಿಯನ್ನು ನೋಡಲಿಲ್ಲ. ರಟ್ಟು ಕಿತ್ತರು, ಬೆನ್ನನ್ನು ಚೂರಿಯಿಂದ ಸೀಳಿದರು, ಆಯಿಯ ಮನೆಯ ತಕ್ಕಡಿ ತರಿಸಿದರು. ಹಾಳೆಗಳನ್ನು ಅತ್ತ ಹತ್ತು ಇತ್ತ ಹತ್ತು ಹಾಕಿ, ಮುಳ್ಳು ನಡುವೆ ನಿಲ್ಲುವವರೆಗೆ ಸರಿಮಾಡಿ, ಮೊದಲು ಎರಡು, ಆಮೇಲೆ ನಾಲ್ಕು ಪಾಲು ಮಾಡಿಟ್ಟರು.

"ಒಂದ ಗುಲಗಂಜಿನೂ ಹೆಚ್ಚುಕಡಿಮಿ ಇಲ್ಲ ನೋಡ್ರಿ ಅತ್ತಿ," ಎಂದು ಆಯಿಗೆ ತೋರಿಸಿದರು.

ಎರಡನೆಯ ಪಾಲಿನ ಕೊನೆಯ ಹಾಳೆ ನೋಡಿದ ತಂಗಿಯ ಮುಖ ಸಣ್ಣದಾಯಿತು. "ದೊಡ್ಡಪ್ಪಾ, ಊಟಾ ಜಠರದಾಗ ಇಳದೈತಿ, ಮುಂದ ಸಣ್ಣ ಕರಳಿಗೆ ಹೋಗಬೇಕು. ಆ ಕರಳ ಮೂರನೇ ಪಾಲಿನ್ಯಾಗ ಹೋತಲ್ಲ!"

"ಹೋಗ್ಲಿ ಬಿಡವಾ. ಹದಿನೈದ ದಿನಾ ತಡದ ಹೋಗತೈತಿ."

"ಅಪ್ಪಾ, ಪಾಠ ಮುಗಿಯೋತನಕರೆ ಬಿಟ್ಟು ಕೊಯ್ಯಬೇಕಿತ್ತು," ಎಂದೆ ನಾನು.

"ಒಂದ ಪಾಠ ಸಣ್ಣದು, ಒಂದ ದೊಡ್ಡದು. ಹಂಗ ಕೊಯ್ದ್ರ ಒಬ್ಬಾವಗ ಹೆಚ್ಚು ಹೋಗತೈತಿ. ನಾಳೆ ನನ್ನ ಮಗಗ ಹೆಚ್ಚ ಕೊಟ್ಟೆ ಅಂತ ಬೀಗರೆಲ್ಲಾ ಅಂದ್ರ?"

ನ್ಯಾಯವೆಂದರೆ ಸಮತೂಕ ಎಂದು ನಂಬಿದವರ ಎದುರು ಸಣ್ಣ ಕರುಳು ಏನು ತಾನೇ ವಾದ ಹೂಡೀತು? ಹೂವಿನ ಪರಾಗ ಒಂದನೆಯ ಭಾಗದಲ್ಲಿ ಹಾರಿ ಎರಡನೆಯದರಲ್ಲಿ ಇಳಿಯುತ್ತಿತ್ತು. ಮೂರನೆಯದರಲ್ಲಿ ಕರುಳು, ಹೃದಯ, ರಕ್ತ, ಮೂತ್ರಪಿಂಡ, ನರಗಳು, ಪರೀಕ್ಷೆಯಲ್ಲಿ ತಪ್ಪದೆ ಬರುವಂಥವೆಲ್ಲ ಇದ್ದವು. ಅನುವಂಶೀಯತೆಯ ಪಾಠದಲ್ಲಿ ತಂದೆಯ ಬಟಾಣಿ ಮೂರನೆಯ ಭಾಗದಲ್ಲಿದ್ದರೆ ಮಕ್ಕಳ ಬಟಾಣಿಗಳು ನಾಲ್ಕನೆಯದರಲ್ಲಿ ಹುಟ್ಟುತ್ತಿದ್ದವು.

ಅಷ್ಟಕ್ಕೇ ಮುಗಿಯಲಿಲ್ಲ. ಹಾಳೆಗಳು ಚದುರಬಾರದೆಂದು ಅಪ್ಪ ಪ್ರತಿ ಭಾಗಕ್ಕೂ ಗೋಣಿತಟ್ಟಿನ ಹೊದಿಕೆ ಹಾಕಿ, ಚೀಲ ಹೊಲಿಯುವ ದಬ್ಬಣದಿಂದ, ಸುತಳಿಯಿಂದ, ಅಂಚಿನಿಂದ ಎರಡು ಬೆರಳು ಒಳಗೆ ಬಿಗಿಯಾಗಿ ಹೊಲಿದರು. ಕ್ವಿಂಟಲ್ ಜೋಳ ತುಂಬಿದರೂ ಹರಿಯದ ಹೊಲಿಗೆ ಅದು. ಎಡಪುಟಗಳ ಬಲ ಅಂಚು, ಬಲಪುಟಗಳ ಎಡ ಅಂಚು ಪೂರ್ತಿ ಹೊಲಿಗೆಯೊಳಗೆ ಸೇರಿಹೋದವು. ಚಿತ್ರಗಳ ಭಾಗಗಳನ್ನು ಗುರುತಿಸುವ ಹೆಸರುಗಳು ಇರುವುದು ಅಂಚಿನಲ್ಲೇ ಅಲ್ಲವೆ? ಹೃದಯದಿಂದ ಹೊರಟ ಗೀಟು ಸುತಳಿಯವರೆಗೆ ಬಂದು ಅಲ್ಲೇ ಮಾಯವಾಗುತ್ತಿತ್ತು. ಕಪ್ಪೆಯ ಅರ್ಧ ಅವಯವಗಳಿಗೆ ಹೆಸರೇ ಉಳಿಯಲಿಲ್ಲ. ನೋಡಿ ಕಲಿಯೋಣವೆಂದರೆ ನಮ್ಮ ನಾಡಿನಲ್ಲಿ ಫೆಬ್ರವರಿಯಲ್ಲಿ ಜೀವಂತ ಕಪ್ಪೆಯಾದರೂ ಎಲ್ಲಿಂದ ಸಿಗಬೇಕು?

ಆಯಿ ನಾಲ್ಕು ಚೀಟಿ ಮಡಚಿ ಉಡಿಯಲ್ಲಿ ಹಾಕಿಕೊಂಡು ಎತ್ತಿಸಿದಳು. ಮೊದಲ ಪಾಳಿಯಲ್ಲಿ ತಂಗಿಗೆ ಒಂದನೆಯ ಭಾಗ, ನನಗೆ ಎರಡು, ಇಂಡಿಯವನಿಗೆ ಮೂರು, ಮಾಮಾನಿಗೆ ನಾಲ್ಕು ಬಂದವು. ಹದಿನೈದು ದಿನಕ್ಕೊಮ್ಮೆ ಇಂಡಿಯವನು ತನ್ನ ಕೈಯ ಭಾಗವನ್ನು ನನಗೆ ಕಳಿಸಬೇಕು, ನಾನು ಬಾಗೇವಾಡಿಗೆ, ಬಾಗೇವಾಡಿಯವಳು ಮುದ್ದೇಬಿಹಾಳಕ್ಕೆ, ಮಾಮಾ ಮರಳಿ ಇಂಡಿಗೆ. ಈ ಲೆಕ್ಕದಲ್ಲಿ ಮೂರನೆಯ ಭಾಗ ಮಾಮಾನನ್ನು ಮುಟ್ಟುವುದು ಎಲ್ಲರ ಕೊನೆಗೆ, ಮಾರ್ಚ್ ೯ರ ಸುಮಾರಿಗೆ. ಪರೀಕ್ಷೆ ಏಪ್ರಿಲ್ ಆರಂಭದಲ್ಲಿ. ಅದರ ವೇಳಾಪಟ್ಟಿ ನನಗೆ ಎಲ್ಲಿಯೂ ಸಿಗಲಿಲ್ಲವಾದ್ದರಿಂದ ನಿಖರ ದಿನ ಹೇಳುವುದಿಲ್ಲ.

ತಂಗಿ ಪ್ರತಿ ಭಾಗದ ಗೋಣಿ ಹೊದಿಕೆಯ ಒಳಗೆ ಒಂದೊಂದು ಚೀಟಿ ಅಂಟಿಸಿದಳು. ಊರು, ಬಂದ ದಿನ, ಕೊಟ್ಟ ದಿನ ಎಂದು ಮೂರು ಮನೆ ಗೀಟು ಹಾಕಿದಳು. "ಯಾರ್ ತಡಾ ಮಾಡ್ತಾರ ಅನ್ನೂದು ಇದರಾಗ ಗೊತ್ತಾಗತೈತಿ," ಎಂದಳು. ಇದನ್ನು ಅವಳೇ ಹೇಳಿದ್ದು. ಅದರ ಬಗ್ಗೆ ನನಗೆ ಸಂಶಯವಿಲ್ಲ.

ಮುಂದಿನ ಎರಡು ತಿಂಗಳು ನಾವು ಜೀವಶಾಸ್ತ್ರ ಓದಿದ್ದಕ್ಕಿಂತ ಬಸ್ಸು ಕಾದದ್ದೇ ಹೆಚ್ಚು. ಗೋಣಿಯ ಗಂಟನ್ನು ಪರಿಚಯದ ಕಂಡಕ್ಟರ್ ಕೈಗೆ ಕೊಡುವುದು, ಅವನು ಆಚೆಯ ಊರಿನ ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಇಳಿಸುವುದು, ಅಲ್ಲಿಗೆ ಹೋಗಿ ಕೇಳುವುದು. ಚಹಾದಂಗಡಿಯವನು ಒಮ್ಮೆ ನನ್ನ ಸಸ್ಯಶಾಸ್ತ್ರವನ್ನು ಸಕ್ಕರೆಯ ಡಬ್ಬಿಯ ಕೆಳಗೆ ಎತ್ತರಕ್ಕಿಟ್ಟುಕೊಂಡಿದ್ದ. "ಗೋಣಿ ಐತಿ ಅಂತ ಇಟ್ಟೇನ್ರಿ. ಒಳಗ ವಿದ್ಯಾ ಐತಿ ಅಂತ ಯಾರಿಗ್ ಗೊತ್ತ್ರಿ?" ಎಂದ. ಫೆಬ್ರವರಿಯ ಕೊನೆಗೆ ವಿಧಾನಸಭೆಯ ಚುನಾವಣೆ ಬಂತು. ಮತಗಟ್ಟೆಯ ಕೆಲಸಕ್ಕೆ ಬಸ್ಸುಗಳು ಹೋದವು. ಉಳಿದ ಬಸ್ಸುಗಳಲ್ಲಿ ಕಾಲಿಡಲು ಜಾಗವಿಲ್ಲ, ಗಂಟು ಇಡಲು ಎಲ್ಲಿಂದ?

ಬಂದ ಭಾಗಗಳಾದರೂ ನೆಟ್ಟಗಿರುತ್ತಿದ್ದವೆ? ಇಂಡಿಯವನು ಕೆಂಪು ಶಾಯಿಯಿಂದ ಎಲ್ಲ ಸಾಲುಗಳಿಗೂ ಅಡಿಗೆರೆ ಎಳೆಯುತ್ತಿದ್ದ. ಎಲ್ಲವೂ ಮುಖ್ಯವಾದರೆ ಯಾವುದನ್ನು ಓದಬೇಕು? ತಂಗಿ ಅಂಚುಗಳಲ್ಲಿ ಪೆನ್ಸಿಲ್‌ನಿಂದ ಪ್ರಶ್ನೆ ಬರೆಯುತ್ತಿದ್ದಳು. ಉತ್ತರ ತಿಳಿಯದ ನನಗೆ ಅವು ಪರೀಕ್ಷೆಗಿಂತ ಹೆಚ್ಚು ಹಿಂಸೆ ಕೊಟ್ಟವು. ನಾವೆಲ್ಲ ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಬಂದವರು. ನಿನ್ನೆಯವರೆಗೆ ಪಿತ್ತಕೋಶವಾಗಿದ್ದದ್ದು ಬೆಳಗಾಗುವುದರೊಳಗೆ ಗಾಲ್ ಬ್ಲಾಡರ್ ಆಗಿ ಕುಳಿತಿತ್ತು. ನಮ್ಮ ಕಾಲೇಜಿನಲ್ಲಿ ಜೀವಶಾಸ್ತ್ರದ ಉಪನ್ಯಾಸಕರ ಹುದ್ದೆ ದೀಪಾವಳಿಯಿಂದ ಖಾಲಿ. ರಸಾಯನಶಾಸ್ತ್ರದವರು ಬಂದು, "ಇದನ್ನ ನೀವ ಓದ್ಕೊರ್ರಿ," ಎಂದು ಹೇಳಿ ಹೋಗುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚು ತಲೆ ಕೆಡಿಸಿದವನು ಮಾಮಾ. ಫೆಬ್ರವರಿ ೧೨ರ ಭಾನುವಾರ, ದಿನಚರಿಯ ಪ್ರಕಾರ, ಅವನು ಸಿಂದಗಿಗೆ ಬಂದು ನಮ್ಮ ಮನೆಯಲ್ಲಿ ಉಳಿದ. ಅಷ್ಟರಲ್ಲಿ ಇಂಡಿಯಿಂದ ಮೂರನೆಯ ಭಾಗ ನನ್ನ ಕೈಗೆ ಬಂದಿತ್ತು. ಊಟವಾದ ಮೇಲೆ ನಾನು ಅವನಿಗೆ ಪ್ರಶ್ನೆ ಹಾಕಿದೆ.

"ಮಾಮಾ, ಜಠರದ ರಚನೆ ಹೇಳು."

"ನಾಕ ಖೋಲಿ," ಎಂದ ತಟ್ಟನೆ.

"ಅದು ಎತ್ತಿಂದು. ಪರೀಕ್ಷಾದಾಗ ಮನಷ್ಯಾಂದು ಕೇಳ್ತಾರ."

"ನಾ ಕಣ್ಣಾರ ಕಂಡೇನಿ ಅಳಿಯಾ. ಡಾಕ್ಟರ್ ಸಾಹೇಬ್ರು ಸತ್ತ ಎತ್ತು ಕೊಯ್ಯಾಗ ಹೊಟ್ಟಿ ಹಿಡದಾವ ನಾನ. ಒಂದೊಂದ ಖೋಲಿ ತೊಳದೇನಿ."

"ಮನಷ್ಯಾನ ಹೊಟ್ಟಿ ಒಂದ ಖೋಲಿ, ಮಾಮಾ!"

"ಹೌದ? ಮನಷ್ಯಾನ್ನ ಕೊಯ್ಯಾಕ ನಮ್ಮ ದವಾಖಾನ್ಯಾಗ ಬಿಡೂದಿಲ್ಲಲ್ಲೋ. ಬಿಟ್ಟಿದ್ರ ನೋಡಿ ಹೇಳ್ತಿದ್ದೆ."

ಅಮ್ಮ ಒಳಗಿನಿಂದ ನಕ್ಕಳು. ನನಗೆ ನಗು ಬರಲಿಲ್ಲ. ಕಪ್ಪೆಯ ಹೃದಯಕ್ಕೆ ಮೂರೇ ಕೋಣೆ ಎಂದರೆ ಅವನು ನಂಬಲಿಲ್ಲ. "ಪಾಪ, ಒಂದ ಕಡಿಮಿ ಯಾಕ?" ಎಂದು ಕೇಳಿದ. ಎರಡು ಸಲವೂ ಅವನು ನಪಾಸಾದದ್ದು ಹೀಗೆಯೇ ಎಂಬುದು ನನಗೆ ಆಗ ಹೊಳೆಯಿತು. ಅವನು ಓದಿದ್ದನ್ನು ಬರೆಯುತ್ತಿರಲಿಲ್ಲ, ಕಂಡದ್ದನ್ನು ಬರೆಯುತ್ತಿದ್ದ. ಪರೀಕ್ಷಕರಿಗೆ ಮುದ್ದೇಬಿಹಾಳದ ಎತ್ತುಗಳು ಬೇಕಾಗಿರಲಿಲ್ಲ. ಮೂರನೆಯ ಭಾಗವನ್ನು ಹದಿನೈದು ದಿನ ಕಣ್ಣೆದುರು ಇಟ್ಟುಕೊಂಡು, ಕಂಡದ್ದನ್ನೆಲ್ಲ ತಲೆಯಿಂದ ತೊಳೆದು ತೆಗೆದರೆ ಮಾತ್ರ ಅವನು ಪಾಸಾಗಬಲ್ಲವನಾಗಿದ್ದ.

ಹೊರಡುವಾಗ ಅವನು ಆ ಗೋಣಿಯ ಗಂಟನ್ನು ಎತ್ತಿ, ಕೈಯಲ್ಲಿ ತೂಗಿ ನೋಡಿ, ಮತ್ತೆ ಕೆಳಗಿಟ್ಟ. "ಇದೊಂದು ಪಾಳಿ ತಪ್ಪಿಸಬ್ಯಾಡ್ರೋ ಅಳಿಯಾ. ಉಳದದ್ದು ಹೆಂಗರೆ ಮಾಡ್ತೇನಿ," ಎಂದ.

"ಈಗ ಒಯ್ಯೋ," ಎಂದಳು ಅಮ್ಮ. "ನಿಂದ ಪುಸ್ತಕ."

"ವಾಟ್ನಿ ಆಗೇತ್ಯಲ್ಲ ಅಕ್ಕಾ. ಪಾಳಿ ಬರ್ಲಿ," ಎಂದು ಬಸ್ಸು ಹತ್ತಿದ.

ಇಲ್ಲಿಂದ ಮುಂದಿನದಕ್ಕೆ ನನ್ನ ದಿನಚರಿಯ ಆಸರೆಯಿಲ್ಲ. ಫೆಬ್ರವರಿ ೨೦ರಿಂದ ಮಾರ್ಚ್ ಕೊನೆಯವರೆಗೆ ಅದರ ಪುಟಗಳಲ್ಲಿ ಹೃದಯದ ಕವಾಟಗಳ ಹೆಸರು, ನರಗಳ ಪಟ್ಟಿ, ರಾಸಾಯನಿಕ ಸೂತ್ರಗಳು ತುಂಬಿವೆ. ಎಲ್ಲಿಯೂ ಒಂದು ಸಂಗತಿಯ ದಾಖಲೆಯಿಲ್ಲ. ಆದ್ದರಿಂದ ನೆನಪಿನಲ್ಲಿರುವುದನ್ನು ನೆನಪೆಂದೇ ಬರೆಯುತ್ತೇನೆ.

ನನ್ನ ನೆನಪಿನಂತೆ, ಮೂರನೆಯ ಭಾಗವನ್ನು ನಾನು ಫೆಬ್ರವರಿ ೨೧ಕ್ಕೆ ಸರಿಯಾಗಿ ಬಾಗೇವಾಡಿಗೆ ಕಳಿಸಿದೆ. ಅದು ಅಲ್ಲಿಯೇ ಕುಳಿತುಬಿಟ್ಟಿತು. ಮಾರ್ಚ್ ೭ರ ಶಿವರಾತ್ರಿ ಕಳೆಯಿತು, ಮಾಮಾನ ಪಾಳಿಯ ದಿನ ಬಂತು, ಗಂಟು ಮುದ್ದೇಬಿಹಾಳ ಮುಟ್ಟಲಿಲ್ಲ. ತಂಗಿಯಿಂದ ನನಗೆ ಎರಡು ಕಾರ್ಡು ಬಂದವು. ಮೊದಲನೆಯದರ ಮಾತು ಮರೆತಿದ್ದೇನೆ. ಎರಡನೆಯದು ಒಂದೇ ಸಾಲಿನದು: "ಮೂರನೆಯ ಭಾಗದ ಬಗ್ಗೆ ಮಾಮಾ ಕೇಳಿದ್ದಾನೆ. ಏನು ಬರೆಯಲಿ?" ಅದನ್ನು ಓದಿ ನನ್ನ ಮೈಯೆಲ್ಲ ಉರಿಯಿತು. ತಾನು ತಡಮಾಡಿ, ಮಾಮಾನಿಗೆ ಹೇಳುವ ನೆಪವನ್ನೂ ನನ್ನನ್ನೇ ಕೇಳುತ್ತಿದ್ದಾಳಲ್ಲ ಎನಿಸಿತು.

ಮಾರ್ಚ್ ೨೪, ಶುಕ್ರವಾರ, ಹೋಳಿ ಹುಣ್ಣಿಮೆ. ಅಂದು ಖಗ್ರಾಸ ಚಂದ್ರಗ್ರಹಣವೂ ಇತ್ತು. ಇದು ಪಂಚಾಂಗದಿಂದಲೂ ಖಗೋಳದ ಪಟ್ಟಿಗಳಿಂದಲೂ ದೃಢಪಟ್ಟ ವಿಷಯ. ಗ್ರಹಣ ಹಿಡಿಯುವ ದಿನ ಮನೆಯ ವಸ್ತು ಹೊಸಿಲು ದಾಟಬಾರದೆಂಬುದು ನಮ್ಮ ಕಡೆಯ ಹೆಂಗಸರ ನಿಯಮ. ಹೀಗಾಗಿ ಚಿಗವ್ವ ಗಂಟನ್ನು ಆ ದಿನವೂ ಕೊಡಗೊಡಲಿಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತ ಬಂದಿದ್ದೇನೆ. ಹಸಿ ಗೋಡೆಯ ಗೂಡಿನಲ್ಲಿ, ಎಣ್ಣೆಯ ಬುಡ್ಡಿಯ ಪಕ್ಕದಲ್ಲಿ ಆ ಗೋಣಿ ಕೂತಿದ್ದ ಚಿತ್ರ ಈಗಲೂ ಸ್ಪಷ್ಟವಾಗಿದೆ.

ಮರುದಿನ ನಾನೇ ಬಾಗೇವಾಡಿಗೆ ಹೋದೆ. ದಾರಿಯಲ್ಲಿ ದೇವರ ಹಿಪ್ಪರಗಿಯ ಹುಡುಗರು ಬಸ್ಸಿನ ಕಿಟಕಿಯಿಂದ ಬಣ್ಣ ಎರಚಿದರು. ನನ್ನ ಬಿಳಿ ಅಂಗಿ ಒಂದು ಕಡೆ ಗುಲಾಬಿಯಾಯಿತು. ಬಾಗಿಲಿಗೆ ಬಂದ ಚಿಗವ್ವ ನನ್ನ ವೇಷ ನೋಡಿ ಸೆರಗು ಬಾಯಿಗೆ ಹಿಡಿದಳು.

"ಈಗ ಬಂದ್ಯಾ? ಪರೀಕ್ಷಾ ಮುಗದ ಮ್ಯಾಲ ಬರಬೇಕಿತ್ತು."

"ಹಾಸ್ಯಾ ಸಾಕ ಚಿಗವ್ವಾ. ಆಕಿನ್ನ ಕರಿ."

ತಂಗಿ ಹೊರಗೆ ಬಂದಳು. ಕೈಯಲ್ಲಿ ಹಿಟ್ಟು ಅಂಟಿತ್ತು. ನಾನು ಸಿಟ್ಟಿನಿಂದ ಏನೇನೋ ಅಂದೆ. ಪುಸ್ತಕವೆಂದರೆ ಜೋಳದ ಚೀಲವಲ್ಲ ಎಂದೆ, ಹೆಸರುಗಳಿಲ್ಲದ ಚಿತ್ರದಿಂದ ಯಾರಿಗೆ ಏನು ಲಾಭ ಎಂದೆ. ಅವಳು ಕೈಯ ಹಿಟ್ಟು ಉಜ್ಜುತ್ತ ನಿಂತಿದ್ದಳು. ಕೊನೆಗೆ ಕೇಳಿದ್ದು ಇಷ್ಟು:

"ಅಣ್ಣಾ, ಮಾಮಾಗ ಎಷ್ಟ ದಿನಾ ಉಳದಾವು?"

"ಅದನ್ನ ಮೊದಲ ಲೆಕ್ಕಾ ಹಾಕಬೇಕಿತ್ತು," ಎಂದೆ.

"ಹೌದು," ಎಂದಳು.

ಆ ಒಪ್ಪಿಗೆಯ ದನಿಯನ್ನು ನಾನು ತಪ್ಪೊಪ್ಪಿಗೆ ಎಂದು ತಿಳಿದೆ. ಮರುದಿನ ಬೆಳಿಗ್ಗೆ ಗಂಟು ಮುದ್ದೇಬಿಹಾಳದ ಬಸ್ಸು ಹತ್ತಿತು. ಹತ್ತಿಸಿದ್ದು ಅವಳು, ನಾನು ಪಕ್ಕದಲ್ಲಿ ನಿಂತಿದ್ದೆ. ಹದಿನೈದು ದಿನದ ಪಾಳಿಯಲ್ಲಿ ಮಾಮಾನಿಗೆ ಒಂದು ವಾರವೂ ಪೂರ್ತಿ ಸಿಗಲಿಲ್ಲ. ಅದರಲ್ಲೂ ದವಾಖಾನೆಯ ಕೆಲಸ. ಆ ವಾರ ದನಗಳಿಗೆ ಲಸಿಕೆ ಹಾಕಲು ಅವನು ಹಳ್ಳಿಹಳ್ಳಿ ಸುತ್ತಬೇಕಾಗಿತ್ತು.

ಫಲಿತಾಂಶದ ವಿವರಕ್ಕೆ ನಾಲ್ವರ ಅಂಕಪಟ್ಟಿಗಳಲ್ಲಿ ಮೂರನ್ನು ನೋಡಿದ್ದೇನೆ. ನಾನು ಜೀವಶಾಸ್ತ್ರದಲ್ಲಿ ಒಳ್ಳೆಯ ಅಂಕ ಪಡೆದೆ. ಹೃದಯದ ಚಿತ್ರವನ್ನು ಒಂದೂ ಹೆಸರು ಬಿಡದೆ ಬರೆದದ್ದು ನೆನಪಿದೆ. ತಂಗಿ ಅಂಚಿನಲ್ಲಿ ಪಾಸಾದಳು. ಇಂಡಿಯವನೂ ಪಾಸಾದನೆಂದು ಅವನ ಮಾತಿನಿಂದ ತಿಳಿದದ್ದು, ಪಟ್ಟಿ ಕಳೆದಿದೆ. ಮಾಮಾ ಮೂರು ಅಂಕಗಳಿಂದ ನಪಾಸಾದ. ಪಚನಾಂಗಗಳ ಪ್ರಶ್ನೆಗೆ ಏನು ಬರೆದೆ ಎಂದು ಕೇಳಿದಾಗ ಅವನು ತಲೆ ಕೆರೆದುಕೊಂಡು, "ಜಠರದ ತನಕ ಮನಷ್ಯಾಂದ ಬರದೆ ಅಳಿಯಾ. ಮುಂದ ಎತ್ತು ಬಂದುಬಿಟ್ಟಿತು," ಎಂದ. ಎರಡನೆಯ ಭಾಗ ಮುಗಿದು ಮೂರನೆಯದು ಆರಂಭವಾಗುವುದು ಅಲ್ಲಿಯೇ.

ಅವನು ಇನ್‌ಸ್ಪೆಕ್ಟರ್ ಆಗಲಿಲ್ಲ. ಅದೇ ಇಲಾಖೆಯಲ್ಲಿ ಅಟೆಂಡರ್ ಆಗಿಯೇ ನಿವೃತ್ತನಾದ. ತನಗಿಂತ ಚಿಕ್ಕವರಾದ ಎಷ್ಟೋ ಇನ್‌ಸ್ಪೆಕ್ಟರುಗಳಿಗೆ ದನದ ಹೊಟ್ಟೆಯ ಮೇಲೆ ಕೈಯಿಟ್ಟು ರೋಗ ಹೇಳಿಕೊಟ್ಟ. ಇದನ್ನು ಮುದ್ದೇಬಿಹಾಳದ ಸುತ್ತಿನ ರೈತರು ಹೇಳುತ್ತಾರೆ, ಅವನು ಹೇಳುವುದಿಲ್ಲ.

ನಾನಂತೂ ಆ ದಿನದಿಂದ ತಂಗಿಯನ್ನು ಬಿಡಲಿಲ್ಲ. ಯಾರದೇ ಮದುವೆಯಾಗಲಿ, ಸೀಮಂತವಾಗಲಿ, ಪಂಕ್ತಿಯಲ್ಲಿ ಅವಳು ಬಡಿಸಲು ಬಂದರೆ, "ನೋಡ್ರಿ, ಮಾಮಾನ ಮೂರನೇ ಭಾಗ ನುಂಗಿದಾಕಿ ಬಂದ್ಲು," ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ಅವಳೂ ನಕ್ಕು, "ಅಣ್ಣಾ, ಇನ್ನೊಂದ ಸೌಟ ಹಾಕ್ಲೇನ?" ಎಂದು ನನ್ನ ಎಲೆಗೆ ಬೇಕಾದ್ದಕ್ಕಿಂತ ಹೆಚ್ಚು ಸುರಿದು ಮುಂದೆ ಹೋಗುತ್ತಿದ್ದಳು. ಎಷ್ಟು ವರ್ಷ ಈ ಮಾತು ಹೇಳಿದೆನೆಂದು ಲೆಕ್ಕವಿಟ್ಟಿಲ್ಲ.

ಸುತಳಿಯ ಹೊಲಿಗೆಯ ವಿಷಯವನ್ನೂ ಸೇರಿಸಬೇಕು. ಪರೀಕ್ಷೆ ಮುಗಿದ ಮೇಲೆ, ಮೇ ತಿಂಗಳ ರಜೆಯಲ್ಲಿ, ಮುಂದಿನ ವರ್ಷದವರಿಗಾದರೂ ಉಪಯೋಗವಾಗಲೆಂದು ನಾನು ಮೂರನೆಯ ಭಾಗದ ಹೊಲಿಗೆಯನ್ನು ಬಿಚ್ಚಿ, ಒಳಗೆ ಅಡಗಿದ್ದ ಹೆಸರುಗಳನ್ನು ಹೊರಗೆ ಬರೆದು, ಮತ್ತೆ ಹೊಲಿದೆ. ದಬ್ಬಣ ಹಿಡಿಯಲು ಬಾರದೆ ಅಮ್ಮನ ಸೂಜಿಯಿಂದ, ನೀಲಿ ದಾರದಿಂದ ಹೊಲಿದೆ.

ಇಲ್ಲಿಯವರೆಗೆ ಬರೆದು, ದಿನಾಂಕಗಳನ್ನು ತಾಳೆ ನೋಡುವುದಕ್ಕಾಗಿ ಮಾಮಾನಿಗೆ ಫೋನು ಮಾಡಿದೆ. ನಾಲ್ಕು ಭಾಗಗಳಲ್ಲಿ ಮೂರನೆಯದೊಂದು ಅವನ ಹತ್ತಿರ ಉಳಿದಿದೆಯೆಂದು ಕೇಳಿದ್ದೆ.

"ಐತಿ ಅಳಿಯಾ. ಕಪಾಟಿನ್ಯಾಗ ಐತಿ. ಈಗ್ಯಾಕ ಬೇಕಾತು?"

"ತಾರೀಖ ನೋಡಬೇಕಾಗೇತಿ ಮಾಮಾ. ಆ ಚೀಟಿ ಅಂಟಿಸಿತ್ತಲ್ಲ."

"ತಾರೀಖ ನೋಡಿ ಏನ್ ಮಾಡ್ತಿ? ಪರೀಕ್ಷಾ ಎಂದೋ ಮುಗದ್ಹೋಗ್ಯಾವು."

"ಬರ್ಯಾಕತ್ತೇನಿ ಮಾಮಾ. ತಪ್ಪಾಗಬಾರ್ದು."

"ಹಂಗಾರ ಕಳಸ್ತೇನಿ. ಬಸ್ಸಿಗೆ ಹಾಕ್ತೇನಿ, ಹೋಗಿ ಇಸ್ಕೊ."

ಗಂಟು ನಿನ್ನೆ ಬಂತು. ಮೇಲೆ ಬರೆದದ್ದನ್ನು ಒಂದಕ್ಷರವೂ ತಿದ್ದದೆ ಇದ್ದ ಹಾಗೆಯೇ ಬಿಟ್ಟು, ದಾಖಲೆಯಲ್ಲಿ ಇರುವುದನ್ನು ಕೆಳಗೆ ಕೊಡುತ್ತೇನೆ.

ಹೊಲಿಗೆ ನೀಲಿ ದಾರದ್ದೇ. ಆದರೆ ಹೃದಯದ ಚಿತ್ರದ ಒಳ ಅಂಚಿನಲ್ಲಿ, ಹೊರಗೆ ಬರೆದ ಹೆಸರುಗಳ ಕೆಳಗೆ, ನನ್ನ ರೂಢಿಯಂತೆ ನಾನೇ ಹಾಕಿದ ದಿನಾಂಕವಿದೆ: ೨-೩-೭೮. ಮೂತ್ರಪಿಂಡದ ಚಿತ್ರದಲ್ಲಿ ೧೧-೩-೭೮. ಮೆದುಳಿನ ಚಿತ್ರದಲ್ಲಿ ೨೧-೩-೭೮. ಹೊಲಿಗೆ ಬಿಚ್ಚಿದ್ದು ಮೇ ತಿಂಗಳಲ್ಲಲ್ಲ.

ಹೊದಿಕೆಯ ಒಳಗಿನ ಚೀಟಿ ಹಳದಿಯಾಗಿದೆ, ಅಕ್ಷರಗಳು ಓದಲು ಬರುತ್ತವೆ. ಇಂಡಿ: ಕೊಟ್ಟದ್ದು ಫೆಬ್ರವರಿ ೭. ಸಿಂದಗಿ: ಬಂದದ್ದು ಫೆಬ್ರವರಿ ೮, ಕೊಟ್ಟದ್ದು ಮಾರ್ಚ್ ೨೫. ಎರಡೂ ನನ್ನ ಕೈಬರಹ. ಗ್ರಹಣದ ದಿನ ಗೋಣಿ ಕೂತಿದ್ದ ಗೂಡು ನಮ್ಮ ಮನೆಯದು. ಹೊಸಿಲು ದಾಟಬಾರದೆಂದವಳು ಚಿಗವ್ವನಲ್ಲ, ನನ್ನ ಅಮ್ಮ. ಬಾಗೇವಾಡಿಗೆ ನಾನು ಹೋದದ್ದು ಗಂಟನ್ನು ಬಿಡಿಸಿ ತರುವುದಕ್ಕಲ್ಲ, ಕೊಡುವುದಕ್ಕೆ.

ಅದರ ಕೆಳಗಿನ ಸಾಲು ತಂಗಿಯ ಪೆನ್ಸಿಲ್‌ನದು. ಬಾಗೇವಾಡಿ: ಬಂದದ್ದು ಮಾರ್ಚ್ ೨೫ ಸಂಜೆ, ಅಣ್ಣ ತಾನೇ ತಂದ. ಕೊಟ್ಟದ್ದು ಮಾರ್ಚ್ ೨೬ ಬೆಳಿಗ್ಗೆ.